ಡ್ರಮ್ ತುಂಬುವ ಹೊತ್ತಿನಲ್ಲಿ: ಸತ್ಯವೇದದಿಂದ ಬಲ ಪಡೆಯಲು ಮುಂಬೈ ಕನ್ನಡಿಗರಿಗೊಂದು ಮಾರ್ಗದರ್ಶಿ

ಭಾಂಡುಪ್‌ನ ನಮ್ಮ ಚಾಳಿನಲ್ಲಿ ಬೆಳಿಗ್ಗೆ ಐದೂವರೆಗೆ ನೀರು ಬರುತ್ತದೆ, ಆರೂಕಾಲಿಗೆ ಹೋಗುತ್ತದೆ. ಆ ಮುಕ್ಕಾಲು ಗಂಟೆಯಲ್ಲಿ ಡ್ರಮ್, ಬಕೆಟ್, ಕೊಡ, ಕೊನೆಗೆ ಕುಕ್ಕರ್ ಸಮೇತ ತುಂಬಿಸಿಟ್ಟವರಿಗೆ ರಾತ್ರಿವರೆಗೂ ಚಿಂತೆ ಇಲ್ಲ. ಮಲಗಿಬಿಟ್ಟವರು ಮಧ್ಯಾಹ್ನ ಪಕ್ಕದ ಮನೆಯ ಬಾಗಿಲು ತಟ್ಟಬೇಕು. ಉಡುಪಿಯಿಂದ ಮದುವೆಯಾಗಿ ಬಂದ ಮೊದಲ ವಾರವೇ ನಾನು ಈ ಪಾಠ ಕಲಿತೆ. ಸತ್ಯವೇದದ, ಅಂದರೆ ಬೈಬಲಿನ, ವಿಷಯದಲ್ಲಿ ಇದೇ ಪಾಠ ತಲೆಗೆ ಹೋಗಲು ಹದಿನೆಂಟು ವರ್ಷ ಬೇಕಾಯಿತು.

ನಮ್ಮವರಿಗೆ ಬೈಪಾಸ್ ಆಗಿತ್ತು. ರಾತ್ರಿ ಎರಡು ಗಂಟೆ. ಐಸಿಯು ಹೊರಗೆ ನೀಲಿ ಪ್ಲಾಸ್ಟಿಕ್ ಕುರ್ಚಿ, ಎದುರಿಗೆ ಗೊರಕೆ ಹೊಡೆಯುತ್ತಿದ್ದ ಯಾರದೋ ತಮ್ಮ, ಮೊಬೈಲ್‌ನಲ್ಲಿ ಶೇಕಡಾ 3 ಚಾರ್ಜ್. ಡಿಸೆಂಬರ್ 31ರ ರಾತ್ರಿಯ ಆರಾಧನೆಯಲ್ಲಿ ಆರಿಸಿಕೊಂಡ ವಾಗ್ದಾನದ ಕಾರ್ಡು ಪರ್ಸಿನಲ್ಲಿತ್ತು. ತೆಗೆದು ಓದಿದೆ. ಅಕ್ಷರ ಕಂಡಿತು, ಒಳಗೆ ಏನೂ ಇಳಿಯಲಿಲ್ಲ. ಹಾಗೇ ಕಣ್ಣು ಹತ್ತಿತು. ಕತ್ತು ವಾಲಿ ಬೆಚ್ಚಿ ಎದ್ದಾಗ ಬಾಯಿಗೆ ತಾನಾಗಿ ಬಂತು: ‘ತೂಕಡಿಸುವದಿಲ್ಲ, ನಿದ್ರಿಸುವದಿಲ್ಲ.’ 121ನೇ ಕೀರ್ತನೆ. ಒಂಬತ್ತನೇ ವಯಸ್ಸಿನಲ್ಲಿ ಒಂದು ಪೆನ್ಸಿಲ್ ಡಬ್ಬಿಯ ಆಸೆಗೆ ಸಂಡೇ ಸ್ಕೂಲ್‌ನಲ್ಲಿ ಬಾಯಿಪಾಠ ಮಾಡಿದ್ದು. ನಾನು ತೂಕಡಿಸುತ್ತಿದ್ದೆ, ಕಾಯುವವನು ತೂಕಡಿಸುತ್ತಿರಲಿಲ್ಲ. ಅಷ್ಟು ಸಾಕಾಯಿತು ಆ ರಾತ್ರಿಗೆ.

ಬೆಂಕಿ ಬಿದ್ದಾಗ ಬಾವಿ ತೋಡಬಾರದು ಅಂತಾರಲ್ಲ, ನಾನು ಅದನ್ನೇ ಮಾಡಿಕೊಂಡು ಬಂದಿದ್ದೆ. ಕಷ್ಟ ಬಂದಾಗ ಪುಟ ತಿರುಗಿಸುವುದು, ಕಣ್ಣಿಗೆ ಬಿದ್ದ ವಾಕ್ಯಕ್ಕೆ ಜೋತು ಬೀಳುವುದು. ಈಗ ನಾನು ಹಿಡಿದಿರುವ ದಾರಿಯನ್ನು ಕೆಳಗೆ ಬರೆದಿದ್ದೇನೆ. ನಾನು ಪಾಸ್ಟರ್ ಅಲ್ಲ. ಮಸ್ಜಿದ್ ಬಂದರಿನ ಒಂದು ಆಫೀಸಿನಲ್ಲಿ ಲೆಕ್ಕ ಬರೆಯುವವಳು.

ಮೊದಲು: ಯಾವ ಭಾಷೆಯಲ್ಲಿ ಅಳುತ್ತೀರೋ ಆ ಭಾಷೆಯಲ್ಲಿ ಓದಿ

ಮುಂಬೈಯಲ್ಲಿ ನಮ್ಮ ಮನೆಗಳ ಸ್ಥಿತಿ ಗೊತ್ತೇ ಇದೆ. ಆಫೀಸಿಗೆ ಹಿಂದಿ, ತರಕಾರಿಗೆ ಮರಾಠಿ, ಮಕ್ಕಳಿಗೆ ಇಂಗ್ಲಿಷ್. ಕನ್ನಡ ಭಾನುವಾರಕ್ಕೆ ಮತ್ತು ಊರಿನ ಫೋನಿಗೆ. ಆದರೆ ಕಾಲಿಗೆ ಏಟು ಬಿದ್ದಾಗ ‘ಅಯ್ಯೋ ಅಮ್ಮಾ’ ಅನ್ನುವವರು ಕನ್ನಡ ಸತ್ಯವೇದವನ್ನೇ ಇಟ್ಟುಕೊಳ್ಳಿ.

ಹಳೆಯ ಅನುವಾದದ ‘ಬರುವದು’, ‘ಮಾಡುವದು’ ಕೆಲವರಿಗೆ ಕಿರಿಕಿರಿ. ನನಗೆ ಅದು ಇಷ್ಟ, ಬಾಯಲ್ಲಿ ಕೂರುತ್ತದೆ. ‘ಯೆಹೋವನು ನನಗೆ ಕುರುಬನು, ಕೊರತೆಪಡೆನು’ ಅನ್ನುವುದನ್ನು ಒಮ್ಮೆ ಜೋರಾಗಿ ಹೇಳಿ ನೋಡಿ. ನಾಲ್ಕೇ ಮಾತು, ಎಲ್ಲೂ ತೊಡರುವುದಿಲ್ಲ. ಅರ್ಥ ಬಿಗಿಯಾದ ಕಡೆ ಸುಲಭ ಕನ್ನಡದ ಹೊಸ ಅನುವಾದವನ್ನು ಪಕ್ಕದಲ್ಲಿಟ್ಟುಕೊಳ್ಳಿ. ಬಾಯಿಪಾಠಕ್ಕೆ ಮಾತ್ರ ಒಂದೇ ಅನುವಾದ ಹಿಡಿಯಿರಿ, ಇಲ್ಲದಿದ್ದರೆ ಎರಡೂ ಕಲಸಿಹೋಗುತ್ತವೆ. ಕಥೋಲಿಕರ ಬೈಬಲಿನಲ್ಲಿ 73 ಪುಸ್ತಕ, ನಮ್ಮದರಲ್ಲಿ 66. ಇಲ್ಲಿ ಹೇಳುವ ಭಾಗಗಳೆಲ್ಲ ಎರಡರಲ್ಲೂ ಇವೆ.

ಸಾಮಾನ್ಯ ಜನರ ಬಾಯಿಗೆ ಈ ಮಾತು ಸಿಗಲಿ ಅಂತ ಜೀವ ತೇದವರಿದ್ದಾರೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. ಅವರ ಪೂರ್ತಿ ಕನ್ನಡ ಬೈಬಲ್ ಹೊರಬಂದದ್ದು 1831ರಲ್ಲಿ. ನಮ್ಮ ಘಟ್ಟದ ಸೀಮೆಯಲ್ಲೇ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ ಪುಣೆಯ ಹತ್ತಿರದ ಕೇಡಗಾಂವ್‌ನಲ್ಲಿ ಕೂತು, ಹೀಬ್ರೂ ಮತ್ತು ಗ್ರೀಕ್ ಕಲಿತು, ಓದು ಕಮ್ಮಿ ಇರುವ ಹೆಂಗಸರಿಗೂ ತಿಳಿಯುವ ಮರಾಠಿಯಲ್ಲಿ ಇಡೀ ಬೈಬಲನ್ನು ತಂದರು. 1922ರಲ್ಲಿ ತೀರಿಹೋಗುವವರೆಗೂ ಅದರ ಕೆಲಸದಲ್ಲೇ ಇದ್ದರು. ಆಪಿನಲ್ಲಿ ಬೆರಳಾಡಿಸುವಾಗ ಇದನ್ನು ನಾನು ಆಗಾಗ ನೆನೆಯುತ್ತೇನೆ.

ಕನ್ನಡ ಓದಲು ಬಾರದ ಮಕ್ಕಳಿದ್ದರೆ ಆಡಿಯೋ ಹಾಕಿ. ನನ್ನ ಮಗ 23ನೇ ಕೀರ್ತನೆಯನ್ನು ಮರಾಠಿಯಲ್ಲೇ ಹೇಳುತ್ತಾನೆ. ‘ಮೇಂಢಪಾಳ’ ಅಂದಾಗ ಅವನಿಗೆ ಪುಣೆ ರಸ್ತೆಯಲ್ಲಿ ಕುರಿಮಂದೆ ಅಡ್ಡ ಬಂದು ನಮ್ಮ ಬಸ್ಸು ನಿಂತದ್ದು ನೆನಪಾಗುತ್ತದಂತೆ. ಆಗಲಿ ಬಿಡಿ.

ಎರಡು: ಆದಿಕಾಂಡದಿಂದ ಶುರು ಮಾಡಬೇಡಿ

ಪ್ರತಿ ಜನವರಿಯಲ್ಲೂ ನಾವು ಆದಿಕಾಂಡ ಹಿಡಿಯುತ್ತೇವೆ. ಫೆಬ್ರವರಿ ಹೊತ್ತಿಗೆ ಯಾಜಕಕಾಂಡದ ಬಲಿಗಳ ಪಟ್ಟಿಯಲ್ಲಿ ಸಿಕ್ಕಿಬೀಳುತ್ತೇವೆ. ಅಲ್ಲಿಗೆ ಮುಗಿಯಿತು, ಅಲ್ವಾ? ಇಡೀ ಸತ್ಯವೇದ ಓದುವುದು ಒಳ್ಳೆಯದೇ. ಆದರೆ ಬಲ ಬೇಕಾಗಿ ಬಂದವರಿಗೆ ಅದು ಮೊದಲ ಬಾಗಿಲಲ್ಲ.

ನಾನು ಹೇಳುವ ಬಾಗಿಲು ಕೀರ್ತನೆ 120ರಿಂದ 134. ಹದಿನೈದು ಹಾಡು. ಪ್ರತಿಯೊಂದರ ತಲೆಯ ಮೇಲೂ ‘ಯಾತ್ರಾಗೀತೆ’ ಅಂತ ಇದೆ. ಯೆರೂಸಲೇಮಿನ ಹಬ್ಬಕ್ಕೆ ಬೆಟ್ಟ ಹತ್ತಿ ಹೋಗುವವರು ದಾರಿಯಲ್ಲಿ ಹಾಡುತ್ತಿದ್ದರು ಅಂತ ಹೇಳುತ್ತಾರೆ. ದಿನಕ್ಕೊಂದರಂತೆ ಹದಿನೈದು ದಿನ. ದಾರಿಯಲ್ಲಿರುವವರ ಹಾಡು, ಹಾಗಾಗಿ ಲೋಕಲ್‌ನಲ್ಲಿ ನೇತಾಡುವ ನಮಗೆ ಇದಕ್ಕಿಂತ ಹತ್ತಿರದ್ದು ಸಿಗುವುದಿಲ್ಲ.

120 ಶುರುವಾಗುವುದೇ ಪರಸ್ಥಳದವನ ಗೋಳಿನಿಂದ. ತನ್ನವರಲ್ಲದವರ ನಡುವೆ ಇದ್ದು ಇದ್ದು ಸಾಕಾಗಿದೆ ಅನ್ನುತ್ತಾನೆ. ಹೋಟೆಲ್ ಕೆಲಸಕ್ಕೆ ಅಂತ ಹದಿನಾಲ್ಕರಲ್ಲಿ ಬಂದ ನಮ್ಮ ಕಡೆಯ ಹುಡುಗರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. 127 ಓದಿದಾಗ ನನಗೆ ನಗು ಬಂತು. ಬೆಳಗಾಗುವ ಮುಂಚೆ ಏಳುವುದು, ರಾತ್ರಿ ತಡವಾಗಿ ಮಲಗುವುದು, ದುಡಿದು ದುಡಿದು ತಿನ್ನುವುದು ವ್ಯರ್ಥ ಅನ್ನುತ್ತದೆ. 5.10ರ ಲೋಕಲ್ ಹಿಡಿಯುವವರನ್ನು ನೋಡಿಯೇ ಬರೆದ ಹಾಗಿದೆ. ಅಂದರೆ ನಾಳೆಯಿಂದ ಕೆಲಸ ಬಿಡಿ ಅಂತಲ್ಲ. ಮನೆ ಕಟ್ಟುವವನು ಬೇರೆ ಇದ್ದಾನೆ, ಪೂರ್ತಿ ಭಾರ ನಿನ್ನ ಹೆಗಲ ಮೇಲಿಲ್ಲ ಅಂತ.

130ರಲ್ಲಿ ಒಬ್ಬ ಆಳದಿಂದ ಕೂಗುತ್ತಾನೆ. ಬೆಳಗಾಗುವುದನ್ನು ಕಾಯುವ ಕಾವಲುಗಾರರಿಗಿಂತ ಹೆಚ್ಚಾಗಿ ಕರ್ತನಿಗಾಗಿ ಕಾಯುತ್ತೇನೆ ಅನ್ನುತ್ತಾನೆ. ಆ ಮಾತನ್ನು ಎರಡು ಸಲ ಹೇಳುತ್ತಾನೆ. ನೈಟ್ ಡ್ಯೂಟಿ ವಾಚ್‌ಮನ್‌ಗಳಿಗೆ ಗೊತ್ತು, ಬೆಳಗಿನ ಜಾವ ನಾಲ್ಕರಿಂದ ಆರರವರೆಗೆ ಗಡಿಯಾರ ಹೇಗೆ ತೆವಳುತ್ತದೆ ಅಂತ. 133 ಸಹೋದರರು ಒಂದಾಗಿ ಇರುವ ಸೊಗಸಿನ ಹಾಡು. ಹತ್ತು ಬೈ ಹತ್ತರ ಖೋಲಿಯಲ್ಲಿ ಆರು ಜನ ಇದ್ದವರು ಅದನ್ನು ನಿಧಾನಕ್ಕೆ ಓದಲಿ. 132 ಮಾತ್ರ ಉದ್ದ, 18 ವಚನ. ಮೊದಲ ಸುತ್ತಿನಲ್ಲಿ ಅರ್ಧ ಓದಿದರೂ ನಡೆಯುತ್ತದೆ.

ಹದಿನೈದು ಮುಗಿದ ಮೇಲೆ ಮಾರ್ಕನ ಸುವಾರ್ತೆ, 16 ಅಧ್ಯಾಯ. ಆಮೇಲೆ ಫಿಲಿಪ್ಪಿಯವರಿಗೆ ಬರೆದ ಪತ್ರಿಕೆ, ಬರೀ 4. ಅಷ್ಟಕ್ಕೆ ಒಂದೂವರೆ ತಿಂಗಳು ಹಿಡಿದರೂ ಪರವಾಗಿಲ್ಲ.

ಮೂರು: ಗೊಣಗಿ

ಇದು ನನಗೆ ತೀರ ತಡವಾಗಿ ತಿಳಿದದ್ದು. ಒಂದನೇ ಕೀರ್ತನೆ, ಯೆಹೋಶುವ 1:8, ಎರಡೂ ಕಡೆ ಹಗಲಿರುಳು ಧ್ಯಾನಿಸು ಅಂತ ಇದೆ. ಧ್ಯಾನ ಅಂದ ಕೂಡಲೇ ನಾವು ಕಣ್ಣು ಮುಚ್ಚಿ ಬೆನ್ನು ನೆಟ್ಟಗೆ ಮಾಡುತ್ತೇವೆ. ಮೂಲದ ಹೀಬ್ರೂ ಮಾತು ‘ಹಾಗಾ’. ಅದು ಬಾಯಿಯ ಕೆಲಸ. ಯೆಶಾಯನ ಪುಸ್ತಕದಲ್ಲಿ ಅದೇ ಮಾತನ್ನು ಬೇಟೆಯ ಮೇಲೆ ಗುರುಗುಟ್ಟುವ ಸಿಂಹಕ್ಕೂ, ನರಳುವ ಪಾರಿವಾಳಕ್ಕೂ ಬಳಸಿದ್ದಾರೆ. ಮುಂಬೈಯಲ್ಲಿ ಪಾರಿವಾಳ ಹುಡುಕಬೇಕೇ? ನಮ್ಮ ಅಡುಗೆ ಕಿಟಕಿಯಲ್ಲೇ ಎರಡು ಕೂತಿವೆ, ಬೆಳಗಿನಿಂದ ಒಂದೇ ರಾಗ, ಗಂಟಲೊಳಗೇ. ಅದನ್ನು ಕೇಳಿದ ಮೇಲೆ ನನಗೆ ಧ್ಯಾನ ಅಂದರೆ ಏನು ಅಂತ ಹೊಳೆಯಿತು. ಒಂದು ಮಾತನ್ನು ಹಿಡಿದುಕೊಂಡು ಮತ್ತೆ ಮತ್ತೆ ಗುನುಗುವುದು.

ಹಾಗಾಗಿ ಕಣ್ಣಲ್ಲೇ ಓದಿ ಮುಗಿಸಬೇಡಿ. ಪಕ್ಕದವರಿಗೆ ಕೇಳದಷ್ಟು ದನಿ ಸಾಕು. ಡ್ರಮ್ಮಿಗೆ ಪೈಪು ಹಾಕಿ, ಪಕ್ಕದಲ್ಲಿ ಸ್ಟೂಲ್ ಎಳೆದುಕೊಂಡು, ಒಂದು ಕೀರ್ತನೆಯನ್ನು ಮೂರು ಸಲ ಓದುತ್ತೇನೆ. ಮೊದಲ ಸಲ ಸುಮ್ನೆ. ಎರಡನೇ ಸಲ ಎಲ್ಲಿ ಮನಸ್ಸು ತಡೆಯಿತೋ ಅಲ್ಲಿ ನಿಲ್ಲುತ್ತೇನೆ. ಮೂರನೇ ಸಲ ಆ ಒಂದು ವಾಕ್ಯವನ್ನು ಮಾತ್ರ, ಡ್ರಮ್ಮು ಉಕ್ಕುವವರೆಗೂ.

ಇನ್ನು ಬಾಯಿಪಾಠ. ವಯಸ್ಸಾಯಿತು, ನೆನಪು ನಿಲ್ಲುವುದಿಲ್ಲ ಅನ್ನುವವರಿಗೆ ನನ್ನ ಲೋಕಲ್ ಉಪಾಯ ಹೇಳುತ್ತೇನೆ. 121ನೇ ಕೀರ್ತನೆಯಲ್ಲಿ 8 ವಚನ. ಭಾಂಡುಪ್‌ನಿಂದ ಸ್ಲೋ ಲೋಕಲ್ ಹತ್ತಿದರೆ ದಾದರ್ ಎಂಟನೇ ಸ್ಟೇಷನ್. ಒಂದು ಸ್ಟೇಷನ್ನಿಗೆ ಒಂದು ವಚನ. ಕಾಂಜೂರ್‌ಮಾರ್ಗ್ ಬರುವಷ್ಟರಲ್ಲಿ ‘ಕಣ್ಣೆತ್ತಿ ಪರ್ವತಗಳ ಕಡೆಗೆ’. ವಿಕ್ರೋಳಿಗೆ ಸಹಾಯ ಎಲ್ಲಿಂದ ಅನ್ನುವುದಕ್ಕೆ ಉತ್ತರ. ಮೂರನೆಯದು ಘಾಟ್‌ಕೋಪರ್, ಅಲ್ಲಿನ ವಚನ ಕಾಲು ಕದಲಗೊಡದವನ ಬಗ್ಗೆ. ಮೆಟ್ರೋ ಜನ ಎಲ್ಲ ಒಮ್ಮೆಲೇ ನುಗ್ಗುವ ಆ ಪ್ಲಾಟ್‌ಫಾರ್ಮಿನಲ್ಲಿ ಅದನ್ನು ಮರೆಯಲು ಸಾಧ್ಯವೇ ಇಲ್ಲ. ವಿದ್ಯಾವಿಹಾರಕ್ಕೆ ತೂಕಡಿಸದವನು. ಕುರ್ಲಾಕ್ಕೆ ಬಲಗಡೆಯ ನೆರಳು. ಸಾಯನ್‌ಗೆ ಹಗಲಿನ ಸೂರ್ಯ, ಇರುಳಿನ ಚಂದ್ರ. ಮಾಟುಂಗಾಕ್ಕೆ ಎಲ್ಲ ಕೇಡಿನಿಂದ ಕಾಪಾಡುವುದು. ಎಂಟನೆಯದು ‘ನೀನು ಹೋಗುವಾಗಲೂ ಬರುವಾಗಲೂ’ ಕಾಯುವ ಮಾತು. ಅದು ಸರಿಯಾಗಿ ದಾದರ್‌ಗೆ ಬರುತ್ತದೆ. ಅರ್ಧ ಡಬ್ಬಿ ಇಳಿಯುತ್ತದೆ, ಮುಕ್ಕಾಲು ಡಬ್ಬಿ ಹತ್ತುತ್ತದೆ.

ಹತ್ತು ದಿನದಲ್ಲಿ ಕೂತುಬಿಡುತ್ತದೆ. ನಿಮ್ಮದು ವೆಸ್ಟರ್ನ್ ಲೈನ್ ಆದರೆ ನಿಮ್ಮ ಸ್ಟೇಷನ್ ನೀವೇ ಜೋಡಿಸಿಕೊಳ್ಳಿ. ಲೋಕಲ್‌ನಲ್ಲಿ ಸಿಗ್ನಲ್ ಹೋಗುತ್ತದೆ, ಕೈಯೂ ಎತ್ತಲಾಗುವುದಿಲ್ಲ. ಹಾಗಾಗಿ ಮೊಬೈಲ್ ನಂಬಬೇಡಿ, ಹಿಂದಿನ ರಾತ್ರಿಯೇ ಚೀಟಿಯಲ್ಲಿ ಕೈಬರಹದಲ್ಲಿ ಬರೆದುಕೊಳ್ಳಿ. ಬರೆಯುವಾಗಲೇ ಅರ್ಧ ಬಂದಿರುತ್ತದೆ.

ನಾಲ್ಕು: ವಾಕ್ಯದ ಅಕ್ಕಪಕ್ಕ ನೋಡಿ

ಆಗ ಹೇಳಿದ ವಾಗ್ದಾನದ ಕಾರ್ಡು ಯೆರೆಮೀಯ 29:11. ನಿಮ್ಮ ಮನೆಯ ಫ್ರಿಜ್ಜಿನ ಮೇಲೂ ಇರಬಹುದು. ನಿಮಗೆ ಹಿತವಾಗುವ ಯೋಚನೆಗಳೇ ನನ್ನವು, ನಿಮಗೆ ಗತಿ, ನಿರೀಕ್ಷೆ ಇದೆ ಅನ್ನುವ ಭಾವ. ನಾನು ಅದನ್ನು ಆಪರೇಷನ್ ಸರಿಹೋಗುತ್ತದೆ ಎಂಬ ರಸೀದಿಯಂತೆ ಇಟ್ಟುಕೊಂಡಿದ್ದೆ.

ಆ ಅಧ್ಯಾಯವನ್ನು ಮೇಲಿಂದ ಓದಿ. ಅದೊಂದು ಕಾಗದ. ಯೆರೂಸಲೇಮಿನಿಂದ ಬಾಬೆಲಿಗೆ ಸೆರೆಹೋದವರಿಗೆ ಯೆರೆಮೀಯ ಬರೆದದ್ದು. ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಅಂತ ಹನನ್ಯ ಎಂಬ ಪ್ರವಾದಿ ಆಗಲೇ ಸಾರಿದ್ದ. ಅದು ಹಿಂದಿನ ಅಧ್ಯಾಯದಲ್ಲಿದೆ. ಯೆರೆಮೀಯ ಹೇಳಿದ್ದು 70 ವರ್ಷ. ಅಂದರೆ ಕಾಗದ ಓದಿದವರಲ್ಲಿ ಬಹಳ ಜನ ಊರಿಗೆ ವಾಪಸ್ ಹೋಗುವುದೇ ಇಲ್ಲ. ಅಲ್ಲಿಯವರೆಗೆ ಏನು ಮಾಡಬೇಕು? ಮನೆ ಕಟ್ಟಿ, ತೋಟ ಹಾಕಿ, ಮಕ್ಕಳ ಮದುವೆ ಮಾಡಿ, ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ. ‘ರಿಟೈರ್ ಆದ ಮೇಲೆ ಊರಿಗೆ ಹೋಗಿಬಿಡೋಣ’ ಅಂತ ಇಪ್ಪತ್ತು ವರ್ಷದಿಂದ ಹೇಳುತ್ತಲೇ ಇರುವ ನಮ್ಮಂಥವರಿಗೆ ಈ ಕಾಗದ ನೇರವಾಗಿ ಮುಟ್ಟುತ್ತದೆ. ಕಾರ್ಡಿಗಿಂತ ಕಾಗದ ಗಟ್ಟಿ.

ಫಿಲಿಪ್ಪಿ 4:13 ಕೂಡ ಹಾಗೇ. ಮಕ್ಕಳ ಪರೀಕ್ಷೆಗೆ ಬರೆದುಕೊಡುತ್ತೇವಲ್ಲ, ಬಲಪಡಿಸುವಾತನಲ್ಲಿ ಎಲ್ಲಕ್ಕೂ ಶಕ್ತನಾಗಿದ್ದೇನೆ ಅಂತ. ಪೌಲ ಸೆರೆಯಲ್ಲಿದ್ದು ಬರೆದದ್ದು. ಹಿಂದಿನ ಎರಡು ವಚನದಲ್ಲಿ ಹಸಿದಿರುವುದಕ್ಕೂ ಹೊಟ್ಟೆ ತುಂಬಿರುವುದಕ್ಕೂ ಕಲಿತಿದ್ದೇನೆ ಅನ್ನುತ್ತಾನೆ. ಶೇಕಡಾ 90 ಅಂಕದ ಮಾತು ಅಲ್ಲಿಲ್ಲ. 40 ಬಂದ ದಿನವೂ ನಿಲ್ಲುವ ಬಲದ ಮಾತು.

ಒಂದು ಎಚ್ಚರಿಕೆಯೂ ಇದೆ. ಮತ್ತಾಯ 4ರಲ್ಲಿ ಸೈತಾನನೂ ಸತ್ಯವೇದದ ಮಾತನ್ನೇ ತೆಗೆಯುತ್ತಾನೆ, 91ನೇ ಕೀರ್ತನೆಯಿಂದ. ಯೇಸು ಮೂರು ಸಲವೂ ‘ಬರೆದದೆ’ ಎಂದೇ ಉತ್ತರ ಕೊಡುತ್ತಾನೆ, ಮೂರೂ ಧರ್ಮೋಪದೇಶಕಾಂಡದ 6 ಮತ್ತು 8ನೇ ಅಧ್ಯಾಯದ ಮಾತು. ಹಾಗಾಗಿ ವಾಟ್ಸಾಪ್‌ನಲ್ಲಿ ಒಂದು ವಾಕ್ಯ ಬಂತು ಅಂದರೆ ಮೇಲೆ ಹತ್ತು ವಚನ, ಕೆಳಗೆ ಹತ್ತು ವಚನ ಓದಿ. ಯಾರು ಯಾರಿಗೆ ಹೇಳಿದ್ದು, ಯಾವ ಕಷ್ಟದಲ್ಲಿ, ನೋಡಿ. ಆಮೇಲೆ ಫಾರ್ವರ್ಡ್ ಮಾಡಿ. ಕಾಣಿಕೆ ಕಳಿಸಿದರೆ ವಾಗ್ದಾನ ನೆರವೇರುತ್ತದೆ ಅನ್ನುವ ಮೆಸೇಜ್ ಆದರೆ ಅಳಿಸಿಬಿಡಿ.

ಐದು: ಉತ್ತರ ಕೊಡಿ, ಬೇಕಾದರೆ ಜಗಳ ಮಾಡಿ

ದೇವರ ಮುಂದೆ ನಾವು ಒಳ್ಳೆಯ ಮಾತನ್ನೇ ಆಡಬೇಕು ಅಂದುಕೊಂಡಿರುತ್ತೇವೆ. 13ನೇ ಕೀರ್ತನೆ ‘ಎಷ್ಟರವರೆಗೆ’ ಅಂತ ಶುರುವಾಗಿ ಎರಡೇ ವಚನದಲ್ಲಿ ಮತ್ತೆ ಮತ್ತೆ ಅದನ್ನೇ ಕೇಳುತ್ತದೆ. 88 ಇನ್ನೂ ಕಠಿಣ. ಕೊನೆಯವರೆಗೂ ಬೆಳಕೇ ಇಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನೂ ಪ್ರಾರ್ಥನೆ ಅಂತಲೇ ಸೇರಿಸಿಟ್ಟಿದ್ದಾರೆ.

2 ಅರಸುಗಳು 19ರಲ್ಲಿ ಹಿಜ್ಕೀಯ ರಾಜನಿಗೆ ಅಶ್ಶೂರದವರ ಬೆದರಿಕೆಯ ಪತ್ರ ಬರುತ್ತದೆ. ಅವನು ಅದನ್ನು ಓದಿ, ದೇವಾಲಯಕ್ಕೆ ಹೋಗಿ, ಯೆಹೋವನ ಮುಂದೆ ಹರಡುತ್ತಾನೆ. ಬೈಪಾಸ್ ಆಗಿ ಎರಡು ತಿಂಗಳಿಗೆ ನಮ್ಮ ಆಗಿನ ಮನೆಯ ಮಾಲೀಕರು ಖಾಲಿ ಮಾಡಿ ಅಂತ ನೋಟಿಸ್ ಕೊಟ್ಟರು. ನಾನು ಅದನ್ನು ಮಂಚದ ಮೇಲೆ ಬಿಡಿಸಿಟ್ಟು, ಆಸ್ಪತ್ರೆಯ ಬಿಲ್ಲನ್ನೂ ಪಕ್ಕಕ್ಕಿಟ್ಟು, ಮೊಣಕಾಲೂರಿ ‘ನೋಡು’ ಅಂದೆ. ಅಷ್ಟೇ ಬಂದದ್ದು ಬಾಯಿಗೆ. ನೋಟಿಸ್ ವಾಪಸ್ ಆಗಲಿಲ್ಲ. ಎರಡು ಗಲ್ಲಿ ಆಚೆ ಈ ಖೋಲಿ ಸಿಕ್ಕಿತು, ಬಾಡಿಗೆ ಸಾವಿರ ಜಾಸ್ತಿ. ಆದರೆ ಆ ರಾತ್ರಿ ಮಲಗಿದೆ. ಹತ್ತು ದಿನದ ಮೇಲೆ ಮೊದಲ ಸಲ.

ನಿಮ್ಮ ಹತ್ತಿರವೂ ಯಾವುದಾದರೂ ಕಾಗದ ಇದ್ದೇ ಇರುತ್ತದೆ. ರಿಪೋರ್ಟು, ಇಎಂಐ ಮೆಸೇಜು, ಮಗಳ ಟಿಸಿ. ಹರಡಿ.

ಇಲ್ಲೇ ಇನ್ನೊಂದು ಮಾತು. ಮಾತ್ರೆ ಬಿಡಬೇಡಿ. 1 ಅರಸುಗಳು 19ರಲ್ಲಿ ಎಲೀಯ ಸಾಕಪ್ಪಾ ಸಾಕು, ಪ್ರಾಣ ತೆಗೆದುಕೋ ಅಂತ ಗಿಡದ ಕೆಳಗೆ ಮಲಗುತ್ತಾನೆ. ದೇವದೂತ ಅವನಿಗೆ ಪ್ರಸಂಗ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟ, ಮತ್ತೆ ಮಲಗಲು ಬಿಟ್ಟ. ಪೌಲನ ಜೊತೆಗಿದ್ದ ಲೂಕ ವೈದ್ಯ. ಡಾಕ್ಟರ ಹತ್ತಿರ ಹೋಗುವುದು ಅವಿಶ್ವಾಸ ಅಂತ ಯಾರಾದರೂ ಅಂದರೆ ಅವರ ಕೂಟಕ್ಕೆ ಹೋಗಬೇಡಿ. ಬದುಕೇ ಬೇಡ ಅನ್ನಿಸುವ ಮಟ್ಟಕ್ಕೆ ಮನಸ್ಸು ಕುಸಿದರೆ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಮನೆಯವರಿಗೂ ಹೇಳಿ. ಕೀರ್ತನೆ ಆಮೇಲೆ ಓದಿದರಾಯಿತು.

ಆರು: ಪೂರ್ಣ ಹೃದಯ ಅಂದರೆ

ಧರ್ಮೋಪದೇಶಕಾಂಡ 6:5 ಪೂರ್ಣ ಹೃದಯದಿಂದ, ಪೂರ್ಣ ಪ್ರಾಣದಿಂದ, ಪೂರ್ಣ ಶಕ್ತಿಯಿಂದ ಪ್ರೀತಿಸು ಅನ್ನುತ್ತದೆ. ನಾನು ಅದನ್ನು ತುಂಬಾ ದಿನ ಉತ್ಸಾಹ ಅಂದುಕೊಂಡಿದ್ದೆ. ಆರಾಧನೆಯಲ್ಲಿ ಕಣ್ಣೀರು ಬಂದರೆ ಪೂರ್ಣ, ಬರದಿದ್ದರೆ ಅರ್ಧ. ಆದರೆ ಹೀಬ್ರೂವಿನ ಹೃದಯ ಬರೀ ಭಾವನೆಯ ಜಾಗವಲ್ಲ, ಯೋಚಿಸುವುದು, ತೀರ್ಮಾನ ಮಾಡುವುದು ಎಲ್ಲ ಅಲ್ಲೇ. 86ನೇ ಕೀರ್ತನೆ ಏಕಮನಸ್ಸು ಕೊಡು ಅಂತ ಬೇಡುತ್ತದೆ. ಎರಡು ಕಡೆ ಕಾಲಿಡದ ಮನಸ್ಸು.

ಒಂದು ಹಿಂದಿನ ಕೆಲಸದಲ್ಲಿ ನನಗೆ ಹಳೇ ತಾರೀಕು ಹಾಕಿ ಬಿಲ್ ಬರೆಯಲು ಹೇಳಿದರು. ಇಲ್ಲ ಅನ್ನಲು ನನಗೆ ಎರಡು ದಿನ ಹಿಡಿಯಿತು. ಆ ಎರಡು ದಿನವೂ ಡ್ರಮ್ಮಿನ ಪಕ್ಕ ಓದಿದ್ದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಕೊನೆಗೆ ಬರೆಯುವುದಿಲ್ಲ ಅಂದೆ. ಬೇರೆಯವರ ಕೈಲಿ ಬರೆಸಿದರು. ಆ ದೀಪಾವಳಿಗೆ ನನಗೆ ಬೋನಸ್ ಬರಲಿಲ್ಲ. ಇದಕ್ಕೆ ಬದಲಾಗಿ ದೇವರು ದುಪ್ಪಟ್ಟು ಕೊಟ್ಟ ಅಂತ ಸಾಕ್ಷಿ ಹೇಳುವ ಆಸೆ ನನಗೂ ಇತ್ತು, ಹಾಗೇನೂ ಆಗಲಿಲ್ಲ.

ಹಾಗಾಗಿ ಓದಿ ಮುಗಿಸಿದ ಮೇಲೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇವತ್ತು ಇದರಿಂದ ನಾನು ಏನು ಮಾಡಬೇಕು, ಅಥವಾ ಏನು ಬಿಡಬೇಕು? ಒಂದು ಸಾಕು. ಅತ್ತೆಗೆ ಫೋನ್ ಮಾಡುವುದೂ ಆಗಬಹುದು.

ಸಂಶಯ ಇದ್ದರೆ ಪೂರ್ಣ ಹೃದಯ ಆಗುವುದಿಲ್ಲವೇ? ಮಾರ್ಕ 9ರಲ್ಲಿ ಮಗನ ಕಾಯಿಲೆಯಿಂದ ಬಳಲಿದ ಅಪ್ಪ, ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು ಅಂತ ಕೂಗುತ್ತಾನೆ. ಎರಡನ್ನೂ ಒಂದೇ ಉಸಿರಿನಲ್ಲಿ. ಯೇಸು ಅವನನ್ನು ವಾಪಸ್ ಕಳಿಸಲಿಲ್ಲ, ಹುಡುಗನನ್ನು ವಾಸಿ ಮಾಡಿದ.

ಏಳು: ಒಬ್ಬರೇ ಬೇಡ

ಇದನ್ನು ಚಿಕ್ಕದಾಗಿ ಹೇಳುತ್ತೇನೆ. ಇಬ್ಬರು ಸಾಕು. ನಾನು ಮತ್ತು ಮುಲುಂಡ್‌ನ ಒಬ್ಬರು ಅಕ್ಕ, ಬೀದರ್ ಕಡೆಯವರು, ಪ್ರತಿ ಶನಿವಾರ ಫೋನಿನಲ್ಲಿ ಆ ವಾರ ಕಲಿತದ್ದನ್ನು ಒಬ್ಬರಿಗೊಬ್ಬರು ಒಪ್ಪಿಸುತ್ತೇವೆ. ಅವರ ಕನ್ನಡ ಬೇರೆ, ನನ್ನ ಕನ್ನಡ ಬೇರೆ, ತಪ್ಪು ಹುಡುಕುವುದರಲ್ಲಿ ಮಾತ್ರ ಇಬ್ಬರೂ ಒಂದೇ. ಹತ್ತಿರದಲ್ಲಿ ಕನ್ನಡ ಸಭೆ ಇದ್ದರೆ ಹೋಗಿ. ದೂರವಾದರೆ ತಿಂಗಳಿಗೊಮ್ಮೆಯಾದರೂ. ಲೋಕಲ್‌ನಲ್ಲಿ ಭಜನಾ ಮಂಡಳಿಯವರು ತಾಳ ಹಿಡಿದು ಕೂರುತ್ತಾರಲ್ಲ, ನನಗೆ ಅವರನ್ನು ಕಂಡರೆ ಗೌರವ. ದಿನಾ ಅದೇ ಡಬ್ಬಿ, ಅದೇ ಜನ, ಒಬ್ಬರು ಬರದಿದ್ದರೆ ಎಲ್ಲಿ ಅಂತ ವಿಚಾರಿಸುತ್ತಾರೆ. ನಮಗೂ ಅಂಥ ಒಬ್ಬರು ಬೇಕು.

ಎಂಟು: ತಪ್ಪಿದ ದಿನಗಳು

ತಪ್ಪುತ್ತದೆ. ಜ್ವರ, ನೆಂಟರು, ಜುಲೈ ಮಳೆ, ಇಲ್ಲ ಸುಮ್ನೆ ಸೋಮಾರಿತನ. ನಾಲ್ಕು ದಿನ ಬಿಟ್ಟರೆ ನಾಲ್ಕು ಕೀರ್ತನೆ ಬಾಕಿ ಅಂತ ಲೆಕ್ಕ ಹಾಕಬೇಡಿ. ಲೆಕ್ಕ ಬರೆಯುವವಳಾಗಿ ಹೇಳುತ್ತಿದ್ದೇನೆ, ಈ ಖಾತೆಯಲ್ಲಿ ಬಾಕಿ ಎಳೆಯುವ ಪದ್ಧತಿ ಇಲ್ಲ. ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಎತ್ತಿಕೊಳ್ಳಿ.

ಮೊನ್ನೆ ಪೈಪ್‌ಲೈನ್ ಕೆಲಸ ಅಂತ ಎರಡು ದಿನ ನೀರು ಬರಲಿಲ್ಲ. ನಾನೂ ಏಳಲಿಲ್ಲ. ಮೂರನೇ ದಿನ ಐದೂವರೆಗೆ ನಲ್ಲಿ ಮೊದಲು ಕೆಮ್ಮಿತು, ಆಮೇಲೆ ಕೆಂಪು ನೀರು ಬಿಟ್ಟಿತು, ಆಮೇಲೆ ತಿಳಿಯಾಯಿತು. ಸ್ಟೂಲ್ ಎಳೆದುಕೊಂಡೆ. 126 ಬಾಕಿ ಇತ್ತು.